ತಡಿಕೆ ಮನೆಯ ಮೊದಲ ರಾತ್ರಿ

ನನ್ನ ಗಂಡ ಫೆರೆಟಿ ನಮ್ಮ ದ್ವೀಪದ ಸಲೆಲೊಲೊಗಾ ಪೇಟೆಯಿಂದ ಲಾರಿಯಲ್ಲಿ ಪ್ಲೈವುಡ್ ಹೇರಿಸಿಕೊಂಡು ಬಂದು ದೀವಿಹಲಸಿನ ಮರದ ಕೆಳಗೆ ಇಳಿಸುತ್ತಿದ್ದಾಗ ಅತ್ತೆ ಜಗಲಿಯ ಮೇಲೆ ಕೂತು ಬಟ್ಟೆ ಮಡಚುತ್ತಿದ್ದರು.

"ಯಾರು ಸತ್ರು?" ಎಂದು ಕೇಳಿದರು.

"ಯಾರೂ ಸತ್ತಿಲ್ಲಮ್ಮ."

"ಮತ್ತೆ ಇಷ್ಟು ಹಲಗೆ ಯಾಕೆ? ಊರಿಗೆಲ್ಲ ಹೆಣದ ಪೆಟ್ಟಿಗೆ ಮಾಡಿ ಇಟ್ಕೋತೀಯಾ?"

"ಮನೆಗಮ್ಮ. ಸುತ್ತ ಗೋಡೆ ಹಾಕೋಣ ಅಂತ."

ಅತ್ತೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ನನ್ನನ್ನು ನೋಡಿದರು. ಹಲಗೆ ತಂದವನು ಗಂಡ, ಕೆಂಗಣ್ಣು ನನಗೆ. ಈ ನ್ಯಾಯ ಮದುವೆಯಾದ ವಾರದಿಂದಲೇ ನನಗೆ ಅಭ್ಯಾಸ.

"ಗೋಡೆ ಯಾಕೆ? ನಾವೇನು ಕದ್ದು ತಿನ್ನೋರಾ?"

"ತಿನ್ನೋಕಲ್ಲ ಅತ್ತೆ. ನಾಲ್ಕು ಜನ ನೋಡದ ಹಾಗೆ ಬಟ್ಟೆ ಬದಲಾಯಿಸೋಕೆ."

"ನಾನು ಮಕ್ಕಳನ್ನ ಹೆತ್ತಿದ್ದೇ ಈ ಮನೇಲಿ. ಯಾರು ನೋಡಿದ್ರು?"

"ಊರೆಲ್ಲ ನೋಡಿದ್ರಂತೆ. ಮಾವನೇ ಹೇಳ್ತಿರ್ತಾರೆ."

ಕಂಬಕ್ಕೆ ಒರಗಿದ್ದ ಮಾವ ಕೊಲೋನೆ ಬೀಸಣಿಗೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಅವರು ನಮ್ಮ ವಂಶದ ಯಜಮಾನರು, ಊರ ಪಂಚಾಯ್ತಿಯಲ್ಲಿ ಬಾಯಿ ತೆರೆದರೆ ಎಲ್ಲರೂ ಕೇಳುತ್ತಾರೆ. ಹೆಂಡತಿ ಸೊಸೆಯರ ನಡುವೆ ಮಾತ್ರ ಅವರಿಗೆ ಗಂಟಲು ಕಟ್ಟುತ್ತದೆ.

ನಮ್ಮ ಮನೆ ಎಂದರೆ ಕಲ್ಲಿನ ಜಗಲಿ, ಅದರ ಸುತ್ತ ಕಂಬಗಳು, ಮೇಲೆ ಸೂರು. ಮಳೆ ಬಂದರೆ, ಕತ್ತಲಾದರೆ ಕಂಬಗಳ ನಡುವೆ ತೆಂಗಿನ ಗರಿಯ ತಡಿಕೆ ಇಳಿಬಿಡುತ್ತೇವೆ. ಉಳಿದ ಹೊತ್ತು ಒಳಗೆ ನಡೆಯುವುದೆಲ್ಲ ರಸ್ತೆಗೆ ಕಾಣುತ್ತದೆ. ಗಾಳಿ ಚೆನ್ನಾಗಿ ಬರುತ್ತದೆ, ನಾನು ಇಲ್ಲವೆನ್ನುವುದಿಲ್ಲ. ಆದರೆ ಗಾಳಿಯ ಜೊತೆಗೆ ಜನರೂ ಬರುತ್ತಾರೆ. ನಮ್ಮಲ್ಲಿ ತಿನ್ನುತ್ತಾ ಕೂತವರು ದಾರಿಯಲ್ಲಿ ಹೋಗುವವರನ್ನು "ಬನ್ನಿ, ತಿನ್ನೋಣ" ಎಂದು ಕರೆಯದೆ ಬಿಡುವ ಹಾಗಿಲ್ಲ. ಕರೆಸಿಕೊಂಡವರು "ಈಗ ತಾನೇ ಆಯ್ತು" ಎಂದು ಹೇಳಿ ಮುಂದೆ ಹೋಗಬೇಕು. ಇದು ಎಲ್ಲರಿಗೂ ಗೊತ್ತು, ಕೆಳಗಿನ ಬೀದಿಯ ಟುವಾಲಾನನ್ನು ಬಿಟ್ಟು. ಅವನು ಬಂದು ಕೂರುತ್ತಾನೆ. ಈ ಮನೆಗೆ ಬಂದಂದಿನಿಂದ ನಾನು ಒಂದು ಕ್ರೀಮ್ ಬಿಸ್ಕತ್ತಿನ ಪೊಟ್ಟಣವನ್ನು ಒಬ್ಬಳೇ ತಿಂದು ಮುಗಿಸಿದ್ದಿಲ್ಲ.

ಇನ್ನು ತಡಿಕೆ. ಅವು ಒಣಗಿ, ಹರಿದು, ಇಲಿ ಕಡಿದು ಹಾಳಾಗುತ್ತಲೇ ಇರುತ್ತವೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸದಾಗಿ ಹೆಣೆಯಬೇಕು, ಹೆಣೆಯುವವಳು ನಾನು. ಅತ್ತೆಯ ಬೆರಳುಗಳು ಸೆಟೆದು ಹೋದ ಮೇಲೆ ಅವರು ಹೆಣೆಯುವುದನ್ನು ಬಿಟ್ಟು ತಪ್ಪು ಹುಡುಕುವುದಕ್ಕೆ ಕೂತರು. "ಇಲ್ಲಿ ಸಡಿಲ. ಇಲ್ಲಿ ವಕ್ರ. ಬಿಚ್ಚು" ಎನ್ನುತ್ತಿದ್ದರು. ಒಂದೊಂದು ಗರಿಯೂ ನನ್ನ ಕೈ ಕೊಯ್ದಿದೆ.

"ನಾನಿರೋವರೆಗೂ ಈ ಕಂಬಕ್ಕೆ ಮೊಳೆ ಬೀಳಲ್ಲ," ಎಂದರು ಅತ್ತೆ.

"ಹಾಗಾದ್ರೆ ಈ ಸಲ ತಡಿಕೆ ನೀವೇ ಹೆಣೀರಿ," ಎಂದೆ ನಾನು.

ಆ ಮಾತು ಆಡಬಾರದಿತ್ತು. ಅವರು ಬೆರಳುಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡರು. ಆ ರಾತ್ರಿ ನಾನು ಬಡಿಸಿದ ಡಬ್ಬಿ ಮೀನನ್ನು ಮುಟ್ಟಲಿಲ್ಲ.

ಒಂದು ವಾರ ಹಲಗೆಗಳು ಮರದ ಕೆಳಗೇ ಬಿದ್ದಿದ್ದವು. ಕೋಳಿಗಳು ಅವುಗಳ ಮೇಲೆ ಹತ್ತಿ ಹಿಕ್ಕೆ ಹಾಕಿದವು. ಫೆರೆಟಿ ತೋಟಕ್ಕೆ ಹೋದವನು ಬೇಗ ಮನೆಗೆ ಬರುತ್ತಿರಲಿಲ್ಲ. ಜಾಣ.

ಆಗ ನಮ್ಮ ಮಗಳು ಸುಲಾ ಬಾಯಿ ಹಾಕಿದಳು. ಅವಳಿಗೆ ಆಕ್ಲೆಂಡಿನಲ್ಲಿರುವ ನನ್ನ ನಾದಿನಿ ಒಂದು ಟ್ಯಾಬ್ಲೆಟ್ ಕಳಿಸಿದ್ದಳು. ಅದರಲ್ಲಿ ಚೌಕ ಚೌಕ ಕಲ್ಲು, ಚೌಕ ಮರ, ಚೌಕ ಹಂದಿಗಳ ಒಂದು ಆಟ. ಬರಿಗೈಯಲ್ಲಿ ಒಂದು ಹೊಸ ಲೋಕದಲ್ಲಿ ಬಂದು ಬೀಳಬೇಕು, ಮರ ಕಡಿಯಬೇಕು, ಸೂರ್ಯ ಮುಳುಗುವುದರೊಳಗೆ ಮನೆ ಮಾಡಿಕೊಳ್ಳಬೇಕು. ಕತ್ತಲಾದರೆ ಕೊಳೆತ ಹೆಣಗಳು, ಬಿಲ್ಲು ಹಿಡಿದ ಎಲುಬಿನ ಗೂಡುಗಳು ಎದ್ದು ಬರುತ್ತವೆ. ಆಟದ ಹಗಲು ರಾತ್ರಿ ಎರಡೂ ಅರ್ಧ ಗಂಟೆಯೊಳಗೆ ಮುಗಿಯುತ್ತವೆ, ಬೆಳಗಿನವರೆಗೆ ಉಳಿದರೆ ಗೆದ್ದ ಹಾಗೆ.

"ಅಜ್ಜಿ, ನೀನು ಈ ಆಟದಲ್ಲಿದ್ದಿದ್ರೆ ಮೊದಲ ರಾತ್ರಿನೇ ಸತ್ತೋಗ್ತಿದ್ದೆ," ಎಂದಳು ಸುಲಾ, ಟಾರೋ ಗಡ್ಡೆ ಅಗಿಯುತ್ತಾ.

"ಯಾಕೆ?"

"ಗೋಡೆ ಬೇಡ ಅಂತೀಯಲ್ಲ. ಗೋಡೆ ಇಲ್ದಿದ್ರೆ ಒಳಗೆ ಬಂದು ಹೊಡೀತಾವೆ."

"ಯಾರು ನಿನಗೆ ಹೇಳಿಕೊಟ್ಟಿದ್ದು? ನಿಮ್ಮಮ್ಮನಾ?"

"ನನ್ನ ಯಾಕೆ ಎಳೀತೀರಿ ಅತ್ತೆ. ನಾನು ಪಾತ್ರೆ ತೊಳೀತಿದ್ದೀನಿ," ಎಂದೆ.

"ಕೊಡು ಇಲ್ಲಿ," ಎಂದು ಅತ್ತೆ ಕೈ ಚಾಚಿದರು.

ಸುಲಾ ಹೇಗೆ ನಡೆಯುವುದು, ಹೇಗೆ ಕಡಿಯುವುದು ಎಂದು ತೋರಿಸಿದಳು. ಅತ್ತೆಯ ಹೆಬ್ಬೆರಳು ಮೊದಮೊದಲು ಆಕಾಶವನ್ನೇ ತೋರಿಸುತ್ತಿತ್ತು, ಆಮೇಲೆ ನೆಲ. ಒಂದು ಹಂದಿಯ ಹಿಂದೆ ಹೋಗಿ ನೀರಿಗೆ ಬಿದ್ದರು. ಆದರೆ ಮರ ಕಡಿಯಲು ಶುರು ಮಾಡಿದ ಮೇಲೆ ಬೇರೆ ಹೆಂಗಸಾದರು. ನಾಲ್ಕು ಕಂಬ ನಿಲ್ಲಿಸಿ, ಸೂರು ಹೊದಿಸಿ, ನಡುವೆ ಹೋಗಿ ನಿಂತು, "ನೋಡಿ, ಮನೆ," ಎಂದರು. ಮಾವನೂ ಬಂದು ಇಣುಕಿ, ಕಂಬ ನೆಟ್ಟಗಿದೆ ಎಂದರು.

"ಗೋಡೆ, ಅಜ್ಜಿ. ಸೂರ್ಯ ಮುಳುಗ್ತಿದ್ದಾನೆ."

"ಮುಳುಗಲಿ. ನಾನು ಒಳಗಿದ್ದೀನಿ."

"ಒಳಗೆ ಅಂದ್ರೆ ಎಲ್ಲಿ? ಎಲ್ಲಾ ಕಡೆ ಹೊರಗೇ ಇದೆ."

ಕತ್ತಲಾಯಿತು. ಹಸಿರು ಮುಖದವನೊಬ್ಬ ಕೈ ಮುಂದೆ ಚಾಚಿಕೊಂಡು ಬಂದ. ಅತ್ತೆ ಅವನ ದಾರಿಗೆ ಅಡ್ಡವಾಗಬಾರದೆಂದು ಪಕ್ಕಕ್ಕೆ ಸರಿದು ನಿಂತರು. ಅವನು ಹೊಡೆದ, ಇನ್ನೊಂದು ಹೊಡೆದ, ಪರದೆ ಕೆಂಪಾಯಿತು. ನಾನು ನಗಬಾರದೆಂದು ಪಾತ್ರೆಯೊಳಗೆ ಮುಖ ಹಾಕಿದೆ. ಪಾತ್ರೆಯೊಳಗಿನ ನಗೆ ಇನ್ನೂ ಜೋರಾಗಿ ಕೇಳಿಸಿತು.

"ಇನ್ನೊಂದ್ಸಲ," ಎಂದರು ಅತ್ತೆ, ನನ್ನ ಕಡೆ ನೋಡದೆ.

"ಅಜ್ಜಿ, ಅಷ್ಟೇ. ಗೋಡೆ ಬೇಕು ಅಂತ ಒಪ್ಕೋ."

"ಗೋಡೆ ಇಲ್ದೆ ಬೆಳಗಿನವರೆಗೆ ಇರ್ತೀನಿ. ಇದ್ದು ತೋರಿಸಿದ್ರೆ ಆ ಹಲಗೆ ಈ ಮನೆ ಮುಟ್ಟಬಾರದು."

"ಇಲ್ದಿದ್ರೆ?" ಎಂದೆ ನಾನು, ಕೈ ಒರೆಸಿಕೊಂಡು ಹತ್ತಿರ ಬಂದು.

"ಇಲ್ದಿದ್ರೆ ನೀನೇ ಮೊಳೆ ಹೊಡಿ. ನಾನೇ ಸುತ್ತಿಗೆ ಎತ್ತಿಕೊಡ್ತೀನಿ."

ಎಲ್ಲರೂ ಮಾವನನ್ನು ನೋಡಿದೆವು. ಕೊನೆಗೂ ಅವರಿಗೆ ಒಂದು ಪಂಚಾಯ್ತಿ ಸಿಕ್ಕಿತು. ಬೆನ್ನು ನೇರ ಮಾಡಿಕೊಂಡು ಕೂತು, ಬೀಸಣಿಗೆಯನ್ನು ತೊಡೆಯ ಮೇಲಿಟ್ಟು ತೀರ್ಪು ಕೊಟ್ಟರು. ತಿಂಗಳ ಕೊನೆಯ ಶನಿವಾರ, ಬಟ್ಟೆ ಒಗೆದಾದ ಮೇಲೆ, ಎಲ್ಲರೆದುರು ಒಂದೇ ಆಟ. ಆಟದಲ್ಲಿ ಹಾಸಿಗೆ ಮಾಡಿ ಮಲಗಿ ರಾತ್ರಿ ಕಳೆಯುವ ಹಾಗಿಲ್ಲ, ನಿದ್ದೆ ಹೋಗಿ ಗೆಲ್ಲುವುದು ಗೆಲುವಲ್ಲ. ಅತ್ತೆ ಬೆಳಗು ಕಂಡರೆ ಮನೆ ಇದ್ದ ಹಾಗೇ, ಸತ್ತರೆ ಗೋಡೆ. ಅಲ್ಲಿಯವರೆಗೆ ಎಷ್ಟು ಬೇಕಾದರೂ ಕಲಿಯಬಹುದು.

ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಎಲ್ಲಿ ಚಿಲಕ ಹಾಕಿಸುವುದೆಂದು ಆಗಲೇ ಯೋಚಿಸತೊಡಗಿದ್ದೆ.

ಅತ್ತೆ ಕಲಿಯುವ ರೀತಿ ನೋಡಿ ನನಗೆ ಸ್ವಲ್ಪ ಭಯವಾಯಿತು. ಬೆಳಗಿನ ಕೋಕೋ ಕುಡಿದು ಕೂತರೆ ಸುಲಾ ಶಾಲೆಗೆ ಹೋಗುವ ಹೊತ್ತಿಗೆ ಒಂದು ಸಲ ಸತ್ತಿರುತ್ತಿದ್ದರು. ಆ ಕೋಕೋದಲ್ಲಿ ಸಕ್ಕರೆ ಇರುವುದಿಲ್ಲ. ಆಸ್ಪತ್ರೆಯ ನರ್ಸಮ್ಮ ಅವರಿಗೆ ಸಿಹಿ ಮುಟ್ಟಬಾರದೆಂದು ಹೇಳಿದ್ದಾರೆ. ಗೋಡೆ ಇಲ್ಲದ ಮನೆಯಾದ್ದರಿಂದ ಆ ವಿಷಯ ಊರಿಗೆಲ್ಲ ಗೊತ್ತು. ಎದುರು ಮನೆಯವರು ಕೂಡ ಅವರ ಲೋಟದ ಮೇಲೆ ಕಣ್ಣಿಟ್ಟಿರುತ್ತಾರೆ.

ಮರದ ತುಂಡನ್ನು ಒಲೆಯಲ್ಲಿ ಸುಟ್ಟರೆ ಇದ್ದಿಲಾಗುತ್ತದೆ, ಇದ್ದಿಲಿಂದ ದೀವಟಿಗೆಯಾಗುತ್ತದೆ ಎಂಬುದನ್ನು ಅವರು ಯಾರೂ ಹೇಳಿಕೊಡದೆ ಕಂಡುಹಿಡಿದರು. "ಇದ್ದಿಲು ಮಾಡೋಕೆ ನನಗೆ ಕಲಿಸ್ತೀಯಾ?" ಎಂದು ಮೊಮ್ಮಗಳನ್ನೇ ಗದರಿಸಿದರು. ಬೆಳಕಿರುವ ಕಡೆ ಆ ಪೀಡೆಗಳು ಹುಟ್ಟುವುದಿಲ್ಲ ಎಂದು ಸುಲಾ ಹೇಳಿದ್ದೇ ತಡ, ಜಗಲಿಯ ಸುತ್ತ ದೀವಟಿಗೆ ನೆಟ್ಟರು. ಆದರೂ ದೂರದ ಕತ್ತಲಿಂದ ಬಾಣ ಬಂದು ತಾಗುತ್ತಿತ್ತು.

ಆಮೇಲೆ ಒಂದು ದಿನ ನಾನು ದೀವಿಹಲಸು ಸುಡುತ್ತಿದ್ದಾಗ ಅತ್ತೆ ಕೂಗಿದರು. "ಸುಲಾ, ಇದೇನು ಹಲಗೆ? ಕೀಲು ಇದ್ದ ಹಾಗಿದೆ."

"ಅದು ನೆಲದ ಕದ, ಅಜ್ಜಿ. ಗುಂಡಿ ಮುಚ್ಚೋಕೆ ಹಾಕೋದು."

"ಸೂರಿನ ಅಂಚಿಗೆ ನೇತು ಹಾಕಿದ್ರೆ?"

ಸುಲಾ ಹತ್ತಿರ ಬಂದು ಪರದೆಗೆ ಬಗ್ಗಿದಳು. ಅತ್ತೆ ಅವನ್ನು ಕಂಬಗಳ ನಡುವೆ ಸಾಲಾಗಿ ಸಿಕ್ಕಿಸಿದರು. ಬೆರಳು ತಾಗಿಸಿದರೆ ಕೆಳಗೆ ಇಳಿಯಿತು, ಮತ್ತೆ ತಾಗಿಸಿದರೆ ಮೇಲೆ ಮಡಚಿಕೊಂಡಿತು. ಒಂದೊಂದಾಗಿ ಎಲ್ಲವನ್ನೂ ಇಳಿಸಿದರು, ಎತ್ತಿದರು, ಮತ್ತೆ ಇಳಿಸಿದರು.

"ತಡಿಕೆ," ಎಂದರು. "ನಾನೇ ಮಾಡಿದ್ದು."

ಅವರ ಸೆಟೆದ ಬೆರಳು ಗಾಜಿನ ಮೇಲೆ ಟಕ್ ಟಕ್ ಎನ್ನುತ್ತಿತ್ತು. ಆ ಮುಖದಲ್ಲಿ ಅಂಥ ಖುಷಿಯನ್ನು ನಾನು ಕಂಡೇ ಇರಲಿಲ್ಲ. ಆದರೂ ಬಿಡಲಿಲ್ಲ. "ಮಾವ, ಇದು ಗೋಡೆ. ಮೋಸ," ಎಂದೆ.

ಮಾವ ಟ್ಯಾಬ್ಲೆಟ್ ತೆಗೆದುಕೊಂಡು ತಾವೇ ಒಂದನ್ನು ಎತ್ತಿ, ಇಳಿಸಿ ನೋಡಿದರು. "ಎತ್ತಿದ್ರೆ ಗಾಳಿ ಬರುತ್ತೆ. ತಡಿಕೆ," ಎಂದು ತೀರ್ಪಾಯಿತು.

ಆ ಸಂಜೆಯೇ ಅತ್ತೆ ಗೆದ್ದೇಬಿಡುತ್ತಿದ್ದರು. ತಡಿಕೆ ಇಳಿಸಿ, ದೀವಟಿಗೆ ಹಚ್ಚಿ, ಸುಟ್ಟ ಮಾಂಸ ಕೈಗೆತ್ತಿಕೊಂಡು ತಿನ್ನತೊಡಗಿದರು. ಅಷ್ಟರಲ್ಲಿ ಹೊರಗೆ ಯಾರೋ ನರಳುತ್ತಾ ನಡೆದು ಹೋಗುವ ಸದ್ದು. ಅತ್ತೆಯ ಬೆರಳು ತಾನಾಗಿಯೇ ಹೋಯಿತು. ತಡಿಕೆ ಎತ್ತಿದರು.

"ಅಜ್ಜಿ," ಎಂದು ಸುಲಾ ಕಿರುಚಿದಳು, "ಯಾಕೆ ತೆಗ್ದೆ?"

"ತಿನ್ತಾ ಇದ್ದೆನಲ್ಲೇ. ಯಾರೋ ಹೋಗ್ತಿದ್ರು."

ಆ ಯಾರೋ ಒಳಗೆ ಬಂದ, ಅವನ ಹಿಂದೆ ಇನ್ನಿಬ್ಬರು. ಅತ್ತೆ ಸತ್ತರು. ಫೆರೆಟಿ ನಕ್ಕು ನಕ್ಕು ಚಾಪೆಯ ಮೇಲೆ ಹೊರಳಿದ. "ಹೆಣವನ್ನೂ ಊಟಕ್ಕೆ ಕರೆದ ಊರು ನಮ್ಮದೊಂದೇ," ಎಂದ.

"ಅದರಲ್ಲಿ ಒಬ್ಬ ಟುವಾಲಾನ ಹಾಗೇ ಇದ್ದ," ಎಂದೆ ನಾನು.

ಅತ್ತೆಗೆ ರೇಗಿತು. "ಗೋಡೆ ಗೋಡೆ ಅಂತ ಕೂತಲ್ಲೇ ಬಾಯಿ ಬಡ್ಕೋತೀಯಲ್ಲ, ನೀನೂ ಬಾ ಒಳಗೆ. ನಿನ್ನ ಗೋಡೆ ಕಟ್ಟು. ಅದೇ ಶನಿವಾರ, ಅದೇ ಲೋಕದಲ್ಲಿ. ನಾನೂ ನೋಡ್ತೀನಿ ನಿನ್ನ ಗೋಡೆ ನಿನ್ನ ಹೇಗೆ ಕಾಯುತ್ತೆ ಅಂತ."

ಬೇಡವೆಂದರೆ ಮಾನ ಉಳಿಯುತ್ತದೆಯೇ? ಸುಲಾ ನನ್ನ ಫೋನಿಗೂ ಆಟ ಹಾಕಿಕೊಟ್ಟಳು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಅಡುಗೆ ಎನ್ನುವುದು ನಡೆಯಿತೋ ಇಲ್ಲವೋ ನನಗೆ ನೆನಪಿಲ್ಲ. ಡಬ್ಬಿ ಮೀನು, ಮತ್ತೆ ಡಬ್ಬಿ ಮೀನು. ಒಂದು ದಿನ ಫೆರೆಟಿ ತೋಟದಿಂದ ಬಂದು ಮುಚ್ಚಳ ತೆಗೆದು ನೋಡಿ, "ಈ ಮನೇಲಿ ಬೆಳಗಿನವರೆಗೆ ಬದುಕೋದು ನನಗೂ ಕಷ್ಟವೇ," ಎಂದ. ಅತ್ತೆ, ನಾನು ಇಬ್ಬರೂ ತಲೆ ಎತ್ತಲಿಲ್ಲ. ಅವರು ಒಂದು ಕಂಬಕ್ಕೆ ಒರಗಿ, ನಾನು ಎದುರಿನ ಕಂಬಕ್ಕೆ ಒರಗಿ ಕಲಿಯುತ್ತಿದ್ದೆವು. ಒಬ್ಬರಿಗೊಬ್ಬರು ತೋರಿಸುತ್ತಿರಲಿಲ್ಲ. ಆದರೂ ಒಮ್ಮೊಮ್ಮೆ, "ಕುರಿ ಉಣ್ಣೆ ಬೇಡ ಅಲ್ವಾ?" ಎಂದು ಅವರು ಕೇಳುತ್ತಿದ್ದರು. "ಹಾಸಿಗೆ ಬೇಡ ಅಂದ್ಮೇಲೆ ಉಣ್ಣೆ ಯಾಕೆ ಅತ್ತೆ," ಎನ್ನುತ್ತಿದ್ದೆ. ಗೋಡೆಯ ವಿಷಯ ಬಿಟ್ಟರೆ ನಮಗೆ ಮಾತಾಡಲು ಬೇರೆ ವಿಷಯ ಸಿಕ್ಕಿದ್ದು ಅದೇ ಮೊದಲು.

ಸುದ್ದಿ ಊರಿಗೆ ಹರಡದೆ ಇರುತ್ತದೆಯೇ? ಗೋಡೆ ಇದ್ದಿದ್ದರೆ ಹರಡುತ್ತಿರಲಿಲ್ಲ ಎಂದು ನಾನು ಅಂದದ್ದಕ್ಕೆ ಯಾರೂ ಕಿವಿಗೊಡಲಿಲ್ಲ. ಆ ಶನಿವಾರ ಮಧ್ಯಾಹ್ನ ಹಗ್ಗದ ಮೇಲೆ ಬಟ್ಟೆ ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಮಹಿಳಾ ಸಮಿತಿಯ ಹೆಂಗಸರೆಲ್ಲ ಬೀಸಣಿಗೆ ಹಿಡಿದು ಜಗಲಿಯ ಮೇಲೆ ಬಂದು ಕೂತರು. ಪಾದ್ರಿಯ ಹೆಂಡತಿ ಮುಂದಿನ ಚಾಪೆಯಲ್ಲಿ. ಟುವಾಲಾ ನಮ್ಮ ಅಡುಗೆ ಮನೆಗೆ ಹತ್ತಿರ. ಹೆಚ್ಚಿನವರು ಅತ್ತೆಯ ಕಡೆ, ಎಳೆಯ ಸೊಸೆಯರು ನಾಲ್ಕು ಮಂದಿ ನನ್ನ ಹಿಂದೆ. ಅವರಿಗೆ ಏನು ಬೇಕೆಂದು ನನಗೆ ಗೊತ್ತಿತ್ತು.

ಮಾವ ಕೆಮ್ಮಿದರು. ಆಟ ಶುರುವಾಯಿತು.

ಹೊಸ ಲೋಕ. ಹುಲ್ಲು, ಎರಡು ಗುಡ್ಡ, ನಡುವೆ ಕಾಡು. ನಾನು ಗುಡ್ಡದ ಆಚೆ ಕಡೆ ಹೋದೆ, ಅತ್ತೆ ಬಯಲಿನಲ್ಲೇ ನಿಂತರು. ನಾನು ಮರ ಕಡಿದು, ಕೊಡಲಿ ಮಾಡಿ, ಹಲಗೆ ಸೀಳಿ ನಾಲ್ಕು ಕಡೆ ಗೋಡೆ ಎಬ್ಬಿಸಿದೆ, ಸೂರು ಮುಚ್ಚಿದೆ, ಬಾಗಿಲು ನಿಲ್ಲಿಸಿದೆ, ಒಳಗೆ ಒಂದು ದೀವಟಿಗೆ ಸಿಕ್ಕಿಸಿದೆ. ಒಂದು ಬಿರುಕಿಲ್ಲ. ಬಾಗಿಲು ಮುಚ್ಚಿ ಒಳಗೆ ನಿಂತೆ. ಆಟದ ಮನೆಯೇ ಆಗಲಿ, ನನ್ನದು, ಯಾರಿಗೂ ಕಾಣದ್ದು. ಹಾಯೆನಿಸಿತು.

"ಅಮ್ಮನ ಮನೆ ಆಗೇ ಹೋಯ್ತು," ಎಂದಳು ಸುಲಾ.

ಅತ್ತೆ ಇನ್ನೂ ಕಲ್ಲಿನ ಜಗಲಿ ಕಟ್ಟುತ್ತಿದ್ದರು. "ಅಷ್ಟೆತ್ತರ ಯಾಕೆ, ಸಾವೆಲಿನಾ?" ಎಂದು ಪಾದ್ರಿಯ ಹೆಂಡತಿ ಕೇಳಿದರು. "ಯಜಮಾನರ ಮನೆ ಅಲ್ವಾ. ಜಗಲಿ ಎತ್ತರ ಇರ್ಬೇಕು," ಎಂದರು ಅತ್ತೆ. ಕಂಬ, ಸೂರು, ತಡಿಕೆ. ಜಗಲಿಯ ಸುತ್ತ ದೀವಟಿಗೆ.

ನನಗೆ ಹೊತ್ತು ಉಳಿದಿತ್ತು, ಆಟದ ಹೊಟ್ಟೆ ಹಸಿದಿತ್ತು. ಕಾಡಿನ ಅಂಚಿನಲ್ಲಿ ಒಂದು ಹಂದಿ ಕಂಡಿತು. ಅದನ್ನು ಹಿಡಿದು ಬಂದರಾಯಿತೆಂದು ಹೊರಟೆ. ಹಂದಿ ಓಡಿತು, ನಾನೂ ಓಡಿದೆ. ಹಂದಿ ಸಿಕ್ಕಿದಾಗ ಆಕಾಶ ಕೆಂಪಾಗಿತ್ತು.

"ಸಂಜೆ ಗಂಟೆ ಹೊತ್ತಾಯ್ತು," ಎಂದರು ಅತ್ತೆ. ನಮ್ಮ ಊರಲ್ಲಿ ಸಂಜೆ ಗಂಟೆ ಬಾರಿಸಿದರೆ ರಸ್ತೆಯ ಮೇಲೆ ಯಾರೂ ಇರುವ ಹಾಗಿಲ್ಲ, ಎಲ್ಲರೂ ಮನೆಯೊಳಗೆ ಪ್ರಾರ್ಥನೆಗೆ ಕೂರಬೇಕು. ಅವರು ಆಟದಲ್ಲೂ ಅದೇ ದನಿಯಲ್ಲಿ, "ಎಲ್ಲಾ ಒಳಗೆ ಬನ್ನಿ," ಎಂದು ಒಂದೊಂದೇ ತಡಿಕೆ ಇಳಿಸಿದರು. "ಇಯಾನೆಟಾ, ಮನೆ ಸೇರಿದ್ಯಾ?"

"ಸೇರಿದೆ ಅತ್ತೆ," ಎಂದೆ.

ಸೇರಿರಲಿಲ್ಲ. ನನ್ನ ಮನೆ ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಒಂದು ಬಿರುಕಿಲ್ಲದೆ ಕಟ್ಟಿದ್ದೆನಲ್ಲ, ಒಳಗಿನ ಬೆಳಕು ಹೊರಗೆ ಒಂದು ಚೂರೂ ಕಾಣುತ್ತಿರಲಿಲ್ಲ. ಕತ್ತಲಲ್ಲಿ ಅದೂ ಒಂದು ಕತ್ತಲ ದಿಣ್ಣೆ. ಒಂದು ಬಾಣ ಬಂದು ಬೆನ್ನಿಗೆ ತಾಗಿತು. ಹಿಂದೆ ನರಳಾಟ. ಕಾಡಿನ ಕಡೆ ತಿರುಗಿದೆ, ಅಲ್ಲಿ ಇನ್ನೂ ಇಬ್ಬರು. ನನ್ನ ಹಿಂದೆ ಕೂತಿದ್ದ ಸೊಸೆಯರು ಉಸಿರು ಬಿಗಿಹಿಡಿದರು. ಇಡೀ ಲೋಕದಲ್ಲಿ ಕಣ್ಣಿಗೆ ಬೀಳುತ್ತಿದ್ದುದು ಒಂದೇ ಬೆಳಕು. ಎತ್ತರದ ಜಗಲಿ, ಸುತ್ತ ದೀವಟಿಗೆ, ತಡಿಕೆಗಳ ಸಂದಿಯಲ್ಲಿ ಹಳದಿ ಗೆರೆಗಳು. ನಾನು ಅದರ ಕಡೆಗೆ ಓಡಿದೆ.

ಅತ್ತೆಯ ಪರದೆಯಲ್ಲಿ ಹೆಜ್ಜೆ ಸದ್ದು ಕೇಳಿಸಿತು.

"ತೆಗೀಬೇಡಿ," ಎಂದರು ಸಮಿತಿಯ ಹೆಂಗಸರೆಲ್ಲ ಒಟ್ಟಿಗೆ.

"ಅಜ್ಜಿ, ಹೋದ್ಸಲ ಏನಾಯ್ತು ನೆನಪಿದೆ ತಾನೆ?" ಎಂದಳು ಸುಲಾ.

"ನೆನಪಿದೆ. ಸುಮ್ನಿರು," ಎಂದರು ಅತ್ತೆ. ಬೆರಳು ತಡಿಕೆಯ ಮೇಲೆ ನಿಂತಿತ್ತು. "ಯಾರದು?"

ಅವರು ಕೇಳಿದ್ದು ಪರದೆಯನ್ನು. ನಾನು ಅವರಿಂದ ಒಂದು ಚಾಪೆಯಷ್ಟು ದೂರದಲ್ಲಿ ಕೂತಿದ್ದೆ. ನನ್ನ ಫೋನಿನಲ್ಲಿ ಜೀವ ಎಣಿಸುವ ಹೃದಯಗಳಲ್ಲಿ ಒಂದೇ ಒಂದು ಉಳಿದಿತ್ತು, ಬೆನ್ನ ಹಿಂದೆ ಮೂವರು ಬರುತ್ತಿದ್ದರು. ನಾನು ಸುಮ್ಮನಿದ್ದರೆ ಸಾಯುತ್ತೇನೆ, ಅಷ್ಟೇ. ನಾನು ಸತ್ತರೆ ಪಂದ್ಯ ಸೋತ ಹಾಗೂ ಅಲ್ಲ, ಸಾಯಬಾರದಾಗಿದ್ದುದು ಅವರು. ಬಾಯಿ ತೆರೆದರೆ ಅವರು ತಡಿಕೆ ಎತ್ತುತ್ತಾರೆ, ಪೀಡೆಗಳು ಒಳಗೆ ನುಗ್ಗುತ್ತವೆ, ನನ್ನ ಗೋಡೆ ನನಗೆ ಸಿಕ್ಕಿದ ಹಾಗೇ. ಈ ಲೆಕ್ಕವೆಲ್ಲ ಆಮೇಲೆ ಹೊಳೆದದ್ದು. ಆಗ ಹೆದರಿಕೆಯೊಂದೇ ಇತ್ತು.

"ನಾನು, ಅತ್ತೆ," ಎಂದೆ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. "ಮನೆ ಸೇರಿದೆ ಅಂದ್ಯಲ್ಲೇ."

"ಸಿಗಲಿಲ್ಲ."

"ತೆಗೀಬೇಡ, ಸಾವೆಲಿನಾ," ಎಂದರು ಪಾದ್ರಿಯ ಹೆಂಡತಿ. "ಗೆದ್ದಾಗಿದೆ ನೀನು. ಸಾಯ್ತೀಯ."

"ಹೊರಗೆ ಕತ್ತಲು," ಎಂದರು ಅತ್ತೆ, ಮತ್ತು ತಡಿಕೆ ಎತ್ತಿದರು.

ನಾನು ಒಳಗೆ ನುಗ್ಗಿದೆ. ನನ್ನ ಬೆನ್ನಿಗೇ ಒಬ್ಬ ಹಸಿರು ಮುಖದವನೂ ನುಗ್ಗಿದ. ಅತ್ತೆ ತಡಿಕೆ ಇಳಿಸಿದರು, ಅವನು ಒಳಗೇ ಉಳಿದ. ಅತ್ತೆಯನ್ನು ಹೊಡೆದ, ಮತ್ತೆ ಹೊಡೆದ. ಅವರ ಹೃದಯಗಳು ಒಂದೊಂದಾಗಿ ಕರಗಿದವು. ನಾನು ಕೊಡಲಿ ಎತ್ತಿ ಅವನ ಬೆನ್ನಿಗೆ ಬೀಸಿದೆ, ಅತ್ತೆ ಎದುರಿನಿಂದ ಬೀಸಿದರು. ಇಬ್ಬರೂ ಏನು ಬೈದೆವೋ ದೇವರಿಗೇ ಗೊತ್ತು, ಪಾದ್ರಿಯ ಹೆಂಡತಿ ಕಿವಿ ಮುಚ್ಚಿಕೊಂಡಿದ್ದರು. ಅವನು ಹೊಗೆಯಾಗಿ ಹೋದ.

ಅತ್ತೆಗೆ ಒಂದೂವರೆ ಹೃದಯ. ನನಗೆ ಒಂದು. ಹೊರಗೆ ತಡಿಕೆಯನ್ನು ಯಾರೋ ಗುದ್ದುತ್ತಿದ್ದರು. ಅತ್ತೆ ಚೀಲದಿಂದ ಏನೋ ತೆಗೆದು ನನ್ನ ಕಾಲ ಬಳಿ ಎಸೆದರು. ಸುಟ್ಟ ಮಾಂಸ.

"ತಿನ್ನು," ಎಂದರು.

"ನಿಮಗೆ?"

"ತಿನ್ನು ಅಂದೆ."

ತಿಂದೆ. ನನ್ನ ಹಂದಿಯ ಹಸಿ ಮಾಂಸವನ್ನು ಅವರ ಒಲೆಗೆ ಹಾಕಿದೆ, ಬೆಂದದ್ದನ್ನು ಅವರಿಗೆ ಕೊಟ್ಟೆ. ಜಗಲಿಯ ಮೇಲೆ ಟುವಾಲಾ ಕೂಡ ಅಗಿಯುವುದನ್ನು ನಿಲ್ಲಿಸಿದ್ದ. ನಾವಿಬ್ಬರೂ ಆ ಚೌಕದ ಮನೆಯಲ್ಲಿ ಎದುರುಬದುರು ನಿಂತು ಕಾದೆವು. ಕಾದೆವು. ತಡಿಕೆಯ ಸಂದಿ ಮೊದಲು ಬೂದುಬಣ್ಣವಾಯಿತು, ಆಮೇಲೆ ಬೆಳ್ಳಗಾಯಿತು. ಹೊರಗಿದ್ದವರಿಗೆ ಬಿಸಿಲು ತಾಗಿ ಬೆಂಕಿ ಹತ್ತಿತು.

ಅತ್ತೆ ಎಲ್ಲ ತಡಿಕೆಗಳನ್ನೂ ಎತ್ತಿದರು. ನಾಲ್ಕು ಕಡೆಯಿಂದ ಬೆಳಗು ಒಳಗೆ ಬಂತು.

ಜಗಲಿ ಹಾರಿಹೋಗುವಷ್ಟು ಕೂಗಾಟ. ಸಮಿತಿಯ ಹೆಂಗಸರು ಎದ್ದು ಕುಣಿದರು. ಸುಲಾ ಅಜ್ಜಿಯ ಕೊರಳಿಗೆ ಜೋತುಬಿದ್ದಳು. ಮಾವ ಹೆಂಡತಿಯ ವಂಶಾವಳಿಯನ್ನು ಮೂಲದಿಂದ ಹಿಡಿದು ಹೇಳಲು ಎದ್ದು ನಿಂತರು, ಫೆರೆಟಿ ಅವರನ್ನು ಕೈಹಿಡಿದು ಕೂರಿಸಿದ. ನಾನೂ ಕೂಗುತ್ತಿದ್ದೆ. ಸೋತವಳು ನಾನು ಎಂಬುದು ಮರೆತೇ ಹೋಗಿತ್ತು.

ಗಲಾಟೆ ತಣ್ಣಗಾದ ಮೇಲೆ ಎಲ್ಲರೂ ಮರದ ಕೆಳಗಿನ ಹಲಗೆಗಳ ಕಡೆ ನೋಡಿದರು, ಆಮೇಲೆ ನನ್ನ ಕಡೆ.

"ಫೆರೆಟಿ," ಎಂದರು ಅತ್ತೆ, "ಆ ಹಲಗೆ ಮನೆ ಮುಟ್ಟಬಾರದು ಅಂತ ಪಂದ್ಯ. ಹಿತ್ತಲಲ್ಲಿ ನಾವು ಸ್ನಾನ ಮಾಡೋ ನೀರಿನ ನಲ್ಲಿ ಪಂದ್ಯದಲ್ಲಿ ಇರ್ಲಿಲ್ಲ. ಅಲ್ಲೊಂದು ಕೋಣೆ ಹಾಕು. ನಾಲ್ಕು ಗೋಡೆ, ಒಂದು ಬಾಗಿಲು. ಒಳಗಡೆಯಿಂದ ಚಿಲಕ."

"ಅಲ್ಲಿ ಯಾರಿಗಮ್ಮ?"

"ನಿನ್ನ ಹೆಂಡತಿಗೆ. ತನ್ನ ಮನೆ ಸಿಗದೆ ಕತ್ತಲಲ್ಲಿ ಅಲೀತಿದ್ದಾಳೆ, ಪಾಪ." ನಂತರ ಜಗಲಿಯ ಮೇಲೆ ಕೂತಿದ್ದವರನ್ನೆಲ್ಲ ಒಂದು ಸುತ್ತು ನೋಡಿದರು. "ಮತ್ತೆ ತಡಿಕೆ. ಪುಕ್ಕಟೆ ಆಟ ನೋಡಿದ್ದೀರಿ, ಮಧ್ಯಾಹ್ನದಿಂದ ನಮ್ಮ ಮನೆ ದೀವಿಹಲಸು ತಿಂದಿದ್ದೀರಿ. ಸೋಮವಾರ ಎಲ್ಲರೂ ಬಂದು ಹೆಣೀರಿ. ಟುವಾಲಾ, ಗರಿ ಕಡಿದು ತರೋನು ನೀನು."

ಬಂದರು. ಬರದಿದ್ದರೆ ಯಾರು ಬಂದಿಲ್ಲವೆಂದು ರಸ್ತೆಯಿಂದಲೇ ಕಾಣುತ್ತಿತ್ತು. ಒಂದೇ ದಿನದಲ್ಲಿ ಮನೆಯ ಸುತ್ತ ಹಸಿರು ತಡಿಕೆ ನೇತಾಡಿದವು. ಅತ್ತೆ ಸಾಲಿನಿಂದ ಸಾಲಿಗೆ ಹೋಗಿ, "ಇಲ್ಲಿ ಸಡಿಲ. ಬಿಚ್ಚು," ಎಂದು ಪಾದ್ರಿಯ ಹೆಂಡತಿಗೂ ಹೇಳಿದರು. ನನಗೆ ಇಷ್ಟು ವರ್ಷದಲ್ಲಿ ಅಷ್ಟು ಇಂಪಾಗಿ ಆ ಮಾತು ಕೇಳಿಸಿದ್ದೇ ಇಲ್ಲ.

ಫೆರೆಟಿ ಕೋಣೆ ಮುಗಿಸಿದ ದಿನ ನಾನು ಅಂಗಡಿಗೆ ಹೋಗಿ ಕ್ರೀಮ್ ಬಿಸ್ಕತ್ತು ತಂದೆ. ಸೋಪಿನ ಡಬ್ಬಿಯ ಕೆಳಗೆ ಬಚ್ಚಿಟ್ಟುಕೊಂಡು, ಟವೆಲು ಹೆಗಲಿಗೆ ಹಾಕಿಕೊಂಡು ಎಲ್ಲರೆದುರೇ ನಡೆದು ಹೋದೆ. ಒಳಗೆ ಹೋಗಿ ಚಿಲಕ ಹಾಕಿದೆ. ಚಿಲಕದ ಆ ಸದ್ದು ಕೇಳಬೇಕಿತ್ತು ನೀವು. ಬಕೆಟ್ಟು ಬೋರಲು ಹಾಕಿ ಕೂತು ಮೊದಲ ಬಿಸ್ಕತ್ತು ತಿಂದೆ. ಹೊಸ ಹಲಗೆಯ ವಾಸನೆ. ಯಾರೂ ಇಲ್ಲ. ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಅದನ್ನೂ ಯಾರೂ ನೋಡಲಿಲ್ಲ.

ಎರಡನೆಯದಕ್ಕೆ ಕೈ ಹಾಕಿದಾಗ ಹೊರಗೆ ಹೆಜ್ಜೆ ಸದ್ದು. ಬಾಗಿಲ ಬಳಿ ಬಂದು ನಿಂತಿತು.

"ಯಾರದು?" ಎಂದೆ.

"ನಾನು," ಎಂದರು ಅತ್ತೆ, ಪಿಸುಮಾತಿನಲ್ಲಿ. "ಬೇಗ ತೆಗಿ. ನಿನ್ನ ಮಾವ ಈ ಕಡೆ ತಿರುಗೋದ್ರೊಳಗೆ."

ಚಿಲಕ ತೆಗೆದೆ. ಅವರು ಒಳಗೆ ನುಸುಳಿ, ತಾವೇ ಚಿಲಕ ಹಾಕಿ, ಅದು ಸರಿಯಾಗಿ ಬಿದ್ದಿದೆಯೇ ಎಂದು ಎರಡು ಸಲ ಎಳೆದು ನೋಡಿದರು. ಆಮೇಲೆ ಸೆಟೆದ ಬೆರಳುಗಳ ಕೈಯನ್ನು ನನ್ನ ಮುಂದೆ ಚಾಚಿದರು.

"ಒಂದು ಕೊಡೇ. ಒಂದೇ ಒಂದು. ನರ್ಸಮ್ಮನಿಗೆ ಹೇಳ್ಬೇಡ."

"ನಾವೇನು ಕದ್ದು ತಿನ್ನೋರಾ, ಅತ್ತೆ?" ಎಂದೆ.

"ಬಾಯಿ ಮುಚ್ಚು," ಎಂದು ಅವರು ಬಕೆಟ್ಟಿನ ಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ ಕೂತರು. ಬಿಸ್ಕತ್ತನ್ನು ಬಿಡಿಸಿ ಮೊದಲು ಕ್ರೀಮ್ ನೆಕ್ಕಿದರು. ಹೊರಗೆ ಟುವಾಲಾ ಯಾರನ್ನೋ ಕೂಗುತ್ತಾ ಹೋದ. ನಾವಿಬ್ಬರೂ ಉಸಿರು ಬಿಗಿಹಿಡಿದೆವು. ಅವನು ಮುಂದೆ ಹೋದ. ನಾವು ಅವನನ್ನು ಕರೆಯಲಿಲ್ಲ.